ಹತ್ತು ಸೆಂಟಿನ ಕಥಾಪತ್ರಿಕೆ: ಪಲ್ಪ್ ಹೇಗೆ ಗಿಟ್ಟುತ್ತಿತ್ತು, ಯಾಕೆ ನಿಂತಿತು

ಪ್ರಶ್ನೆ: ಅಮೆರಿಕದ ಹಳೆಯ ಪಲ್ಪ್ ಪತ್ರಿಕೆಗಳನ್ನು ಎಲ್ಲರೂ ‘ಅಗ್ಗದ ಕಾಗದದ ಅಗ್ಗದ ಕಥೆಗಳು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹತ್ತು ಸೆಂಟಿಗೆ ನೂರಕ್ಕೂ ಹೆಚ್ಚು ಪುಟ ಕೊಟ್ಟರೆ ಪ್ರಕಾಶಕರಿಗೆ ಹೇಗೆ ಗಿಟ್ಟುತ್ತಿತ್ತು? ಲಕ್ಷಗಟ್ಟಲೆ ಓದುಗರಿದ್ದೂ ಅವು ಯಾಕೆ ನಿಂತುಹೋದವು? ನನ್ನಲ್ಲಿ 1930ರ ದಶಕದ ಒಂದು ಸಂಚಿಕೆ ಇದೆ. ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಕಾಗದ ಅಗ್ಗವಾಗಿತ್ತು, ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಈ ಪತ್ರಿಕೆಗಳಲ್ಲಿ ಕಾಗದ, ಅಂಚೆ ವೆಚ್ಚ, ಮುಖಪುಟದ ಬಣ್ಣ, ಬರೆದವರ ಸಂಭಾವನೆ, ಅಂಗಡಿಯಿಂದ ವಾಪಸು ಬರುವ ಪ್ರತಿ, ಎಲ್ಲವೂ ಸೆಂಟಿನ ಚೂರುಗಳಲ್ಲಿ ಲೆಕ್ಕವಾಗುತ್ತಿದ್ದವು. ಕಥೆ ಎಷ್ಟು ಉದ್ದವಿರಬೇಕು, ಮೊದಲ ಸಾಲಿಗೇ ನಾಯಕ ಯಾಕೆ ತೊಂದರೆಗೆ ಸಿಕ್ಕಬೇಕು, ಅದೇ ನಾಯಕ ತಿಂಗಳಿಗೆ ಎರಡು ಸಲ ಯಾಕೆ ಬರಬೇಕು ಎಂಬುದೂ ಆ ಲೆಕ್ಕದಿಂದಲೇ ಹುಟ್ಟಿದ್ದು. ಕೊನೆಗೆ ಅವುಗಳನ್ನು ಕೊಂದದ್ದೂ ಅದೇ ಲೆಕ್ಕ.

ನಿಮ್ಮ ಕೈಯಲ್ಲಿರುವ ಸಂಚಿಕೆಯಿಂದಲೇ ಶುರು ಮಾಡೋಣ. ಅದು ಸುಮಾರು 7 ಇಂಚು ಅಗಲ, 10 ಇಂಚು ಎತ್ತರ, ಅರ್ಧ ಇಂಚು ದಪ್ಪ ಇರಬೇಕು. ಆ ಕಾಲದ ಸಾಮಾನ್ಯ ಅಳತೆ 128 ಪುಟ, ಪುಟಕ್ಕೆ ಎರಡು ಅಂಕಣ. ಒಳಗೆ ಒರಟು ಕಾಗದ, ಹೊರಗೆ ನುಣುಪಾದ ಬಣ್ಣದ ಮುಖಪುಟ. ಹೊಲಿಗೆ ಇರುವುದಿಲ್ಲ. ಹಾಳೆಗಳ ಕಟ್ಟಿಗೆ ಬೆನ್ನಿನ ಪಕ್ಕದಿಂದ ಎರಡು ತಂತಿ ಪಿನ್ನು ಹೊಡೆದು, ಅದರ ಮೇಲೆ ಮುಖಪುಟವನ್ನು ಅಂಟಿನಿಂದ ಕೂರಿಸುತ್ತಿದ್ದರು. ಅನೇಕ ಪತ್ರಿಕೆಗಳ ಅಂಚನ್ನು ಕತ್ತರಿಸಿ ಸಮ ಮಾಡುವ ಗೋಜಿಗೂ ಹೋಗುತ್ತಿರಲಿಲ್ಲ, ಅದೂ ಒಂದು ಉಳಿತಾಯ. ಮುಖಪುಟ ಮಾತ್ರ ಒಳಹಾಳೆಗಿಂತ ತುಸು ಹೊರಗೆ ಚಾಚಿಕೊಂಡಿರುತ್ತಿತ್ತು. ಆ ಚಾಚಿದ ಭಾಗವೇ ಇವತ್ತು ಮೊದಲು ಹರಿಯುವುದು.

‘ಪಲ್ಪ್’ ಎಂಬ ಹೆಸರು ಒಳಗಿನ ಕಾಗದದಿಂದ ಬಂತು. ಮೊದಲು ಕಾಗದವನ್ನು ಹಳೇ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು, ಚಿಂದಿ ದುಬಾರಿಯಾಗಿತ್ತು. 1840ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಶ್ ಕೆಲ್ಲರ್, ಕೆನಡಾದ ಚಾರ್ಲ್ಸ್ ಫೆನರ್ಟಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮರವನ್ನು ಅರೆದು ತಿರುಳು ಮಾಡುವ ದಾರಿ ಕಂಡುಕೊಂಡರು. ದಿಮ್ಮಿಯನ್ನು ನೀರು ಹಾಯಿಸುತ್ತ ತಿರುಗುವ ಕಲ್ಲಿಗೆ ಒತ್ತಿ ಅರೆಯುವುದು, ಅಷ್ಟೇ. ಈ ವಿಧಾನದಲ್ಲಿ ಮರದ ತೂಕದ ಶೇ 90ಕ್ಕೂ ಹೆಚ್ಚು ಭಾಗ ತಿರುಳಾಗುತ್ತದೆ. ರಾಸಾಯನಿಕದಲ್ಲಿ ಬೇಯಿಸಿ ತೆಗೆದರೆ ದಕ್ಕುವುದು ಸುಮಾರು ಅರ್ಧ. ಅಗ್ಗವಾಗಲು ಕಾರಣ ಇದು, ಮುಂದೆ ಪುಡಿಯಾಗಲು ಕಾರಣವೂ ಇದೇ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಅಗ್ಗದ ಕಥೆಗಳು ಪಲ್ಪ್‌ಗಿಂತ ಮೊದಲೂ ಇದ್ದವು. ನ್ಯೂಯಾರ್ಕಿನ ಬೀಡಲ್ ಸಂಸ್ಥೆ 1860ರಲ್ಲಿ ಹತ್ತು ಸೆಂಟಿನ ಪುಟ್ಟ ಕಾದಂಬರಿಗಳ ಸರಣಿ ಶುರು ಮಾಡಿತು, ‘ಡೈಮ್ ನಾವೆಲ್’ ಎಂಬ ಹೆಸರು ಅಲ್ಲಿಂದ ಬಂದದ್ದು. ಪಲ್ಪ್ ಪತ್ರಿಕೆಯನ್ನು ರೂಪಿಸಿದವನು ಫ್ರಾಂಕ್ ಮುನ್ಸಿ. 1882ರಲ್ಲಿ ಅವನು ‘ಗೋಲ್ಡನ್ ಆರ್ಗೋಸಿ’ ಎಂಬ ಮಕ್ಕಳ ವಾರಪತ್ರಿಕೆ ತಂದ. ಅದು ಬಹಳ ಕಾಲ ಏಳುತ್ತ ಬೀಳುತ್ತ ನಡೆಯಿತು. 1896ರಲ್ಲಿ ಅದನ್ನು ‘ಆರ್ಗೋಸಿ’ ಎಂಬ ಹೆಸರಿನಲ್ಲೇ ಪೂರ್ತಿ ಕಥೆಗಳ ಪತ್ರಿಕೆಯಾಗಿ ಬದಲಿಸಿ, ಆ ವರ್ಷದ ಕೊನೆಗೆ ಮರದ ತಿರುಳಿನ ಕಾಗದಕ್ಕೆ ಇಳಿಸಿದ. 192 ಪುಟ, ಸುಮಾರು 1,35,000 ಪದ, ಬೆಲೆ 10 ಸೆಂಟ್. ಒಂದೇ ಒಂದು ಚಿತ್ರವಿಲ್ಲ, ಮುಖಪುಟದ ಮೇಲೂ ಇಲ್ಲ. ಕೆಲವೇ ವರ್ಷಗಳಲ್ಲಿ ಪ್ರಸಾರ 5 ಲಕ್ಷ ಮುಟ್ಟಿತು. ಚಿತ್ರವನ್ನೂ ಒಳ್ಳೆಯ ಕಾಗದವನ್ನೂ ಕೈಬಿಟ್ಟರೂ ಓದುಗ ಬಿಟ್ಟುಹೋಗುವುದಿಲ್ಲ, ಅವನಿಗೆ ಬೇಕಾದ್ದು ಕಥೆ ಎಂಬುದನ್ನು ಮುನ್ಸಿ ಕಾಸು ಹಾಕಿ ಸಾಬೀತು ಮಾಡಿದ್ದ.

ಈಗ ಅಂಚೆಯ ವಿಚಾರ. ಪಲ್ಪ್ ಇತಿಹಾಸದಲ್ಲಿ ಇದನ್ನು ಹೇಳದೆ ಬಿಡುವವರೇ ಹೆಚ್ಚು, ಆದರೆ ನನ್ನ ಮಟ್ಟಿಗೆ ಇದು ಕಾಗದದಷ್ಟೇ ಮುಖ್ಯ. ಅಮೆರಿಕದ 1879ರ ಅಂಚೆ ಕಾಯಿದೆ ನಿಯತಕಾಲಿಕಗಳಿಗೆ ‘ಎರಡನೇ ದರ್ಜೆ’ ಎಂಬ ರಿಯಾಯಿತಿ ಕೊಟ್ಟಿತು. 1885ರಿಂದ ಆ ದರ ಪೌಂಡ್ ತೂಕಕ್ಕೆ 1 ಸೆಂಟ್. ಪುಸ್ತಕವಾದರೆ ಮೂರನೇ ದರ್ಜೆ, ಎರಡು ಔನ್ಸಿಗೆ 1 ಸೆಂಟ್, ಅಂದರೆ ಪೌಂಡಿಗೆ 8 ಸೆಂಟ್. ಅರ್ಧ ಪೌಂಡ್ ತೂಗುವ ಕಟ್ಟನ್ನು ಪತ್ರಿಕೆ ಎಂದು ಕಳಿಸಿದರೆ ಅರ್ಧ ಸೆಂಟ್, ಪುಸ್ತಕ ಎಂದು ಕಳಿಸಿದರೆ 4 ಸೆಂಟ್. ಮುಖಬೆಲೆಯೇ 10 ಸೆಂಟ್ ಇರುವಾಗ ಈ ಅಂತರ ಬದುಕು ಸಾವಿನ ಪ್ರಶ್ನೆ. ಪತ್ರಿಕೆ ಎನಿಸಿಕೊಳ್ಳಲು ತಾರೀಖು ಇರಬೇಕು, ಕ್ರಮಸಂಖ್ಯೆ ಇರಬೇಕು, ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಗೊತ್ತಾದ ಅವಧಿಗೆ ಬರಬೇಕು, ಚಂದಾದಾರರ ಪಟ್ಟಿ ಇರಬೇಕು. ಒಂದು ಇಡೀ ಕಾದಂಬರಿಯ ಹಿಂದೆ ಎರಡು ಮೂರು ಸಣ್ಣ ಕಥೆ, ಓದುಗರ ಪತ್ರ, ಸಂಪುಟ ಸಂಖ್ಯೆ ಸೇರಿಸಿದ ‘ಪತ್ರಿಕೆ’ಗಳನ್ನು ನೋಡಿದಾಗ ಈ ನಿಯಮವನ್ನು ನೆನಪಿಸಿಕೊಳ್ಳಿ.

ಮುಖಪುಟಕ್ಕೂ ಇಂಥದೇ ಕಥೆಯಿದೆ. ಒಳಹಾಳೆಗೆ ಕಪ್ಪು ಮಸಿ ಸಾಕು, ಖರ್ಚೆಲ್ಲ ಆ ಬಣ್ಣದ ಒಂದು ಹಾಳೆಗೆ. ಪ್ರಕಾಶಕರು ಹಲವು ಪತ್ರಿಕೆಗಳ ಮುಖಪುಟಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಒಟ್ಟಿಗೆ ಮುದ್ರಿಸುತ್ತಿದ್ದರು. ವಿಲಿಯಂ ಕ್ಲೇಟನ್ ಎಂಬ ಪ್ರಕಾಶಕನ ಹಾಳೆಯಲ್ಲಿ 16 ಮುಖಪುಟಗಳಿಗೆ ಜಾಗವಿತ್ತು, ಅವನಲ್ಲಿದ್ದದ್ದು 13 ಪತ್ರಿಕೆ. ಪ್ರತಿ ತಿಂಗಳೂ ಮೂರು ಮುಖಪುಟದಷ್ಟು ದುಬಾರಿ ಕಾಗದ ಖಾಲಿ ಉಳಿಯುತ್ತಿತ್ತು. ಆ ಖಾಲಿ ಜಾಗ ತುಂಬಿಸಲು ಹೊಸ ಪತ್ರಿಕೆ ಬೇಕೆಂದು ಯೋಚಿಸಿದಾಗ ಹುಟ್ಟಿದ್ದೇ 1930ರ ಜನವರಿಯ ‘ಅಸ್ಟೌಂಡಿಂಗ್’ ಎಂದು ಅದರ ಮೊದಲ ಸಂಪಾದಕ ಹ್ಯಾರಿ ಬೇಟ್ಸ್ ಬರೆದಿದ್ದಾನೆ. ವೈಜ್ಞಾನಿಕ ಕಥೆಗಳ ಚರಿತ್ರೆಯಲ್ಲೇ ದೊಡ್ಡ ಹೆಸರಾದ ಪತ್ರಿಕೆ ಅದು. ಸಾಹಿತ್ಯದ ಚರಿತ್ರೆ ಬರೆಯುವವರು ಮುದ್ರಣಾಲಯದೊಳಗೂ ಒಮ್ಮೆ ಹೋಗಿಬರಬೇಕು ಎನ್ನುವುದು ಇದಕ್ಕೇ.

ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳು ಒತ್ತೊತ್ತಾಗಿ ತೂಗುತ್ತಿದ್ದವು. ಗಿರಾಕಿಯ ಕಣ್ಣು ಒಂದು ಕ್ಷಣ ನಿಂತರೆ ಗೆದ್ದಂತೆ. ಹಾಗಾಗಿ ಗಾಢ ಕೆಂಪು, ಹಳದಿ, ಎತ್ತಿದ ಕೈ, ಹೊಗೆಯಾಡುವ ಪಿಸ್ತೂಲು. ಎಷ್ಟೋ ಸಲ ಚಿತ್ರ ಮೊದಲು ತಯಾರಾಗುತ್ತಿತ್ತು. ಆಮೇಲೆ ಅದನ್ನು ಬರಹಗಾರನ ಕೈಗಿಟ್ಟು, ಈ ದೃಶ್ಯ ಬರುವ ಹಾಗೆ ಕಥೆ ಬರೆದುಕೊಡಿ ಎನ್ನುತ್ತಿದ್ದರು.

ಇನ್ನು ಸಂಭಾವನೆ. ಪದಕ್ಕೆ ಇಷ್ಟು ಎಂಬ ದರ. ಹೆಚ್ಚಿನ ಕಡೆ ಪದಕ್ಕೆ 1 ಸೆಂಟ್, ಕೆಳಮಟ್ಟದ ಪತ್ರಿಕೆಗಳಲ್ಲಿ ಅರ್ಧ ಸೆಂಟ್, ಅದಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು. ಲೆಕ್ಕ ಹಾಕಿ ನೋಡಿ: ಸಂಚಿಕೆಗೆ 60,000 ಪದ, ಪದಕ್ಕೆ 1 ಸೆಂಟ್ ಎಂದರೆ 600 ಡಾಲರ್. 1 ಲಕ್ಷ ಪ್ರತಿ ಮಾರಿದರೆ ಕಥೆಗಳ ಖರ್ಚು ಪ್ರತಿಯೊಂದಕ್ಕೆ 0.6 ಸೆಂಟ್. 20,000 ಪ್ರತಿ ಮಾರಿದರೆ 3 ಸೆಂಟ್. ಮುಖಪುಟದ ಚಿತ್ರ, ಅಚ್ಚುಮೊಳೆ ಜೋಡಣೆಯ ಖರ್ಚೂ ಹೀಗೇ ಪ್ರತಿಗಳ ಮೇಲೆ ಹರಡಿಕೊಳ್ಳುವಂಥವು. ಈ ವ್ಯಾಪಾರ ನಿಂತಿದ್ದೇ ದೊಡ್ಡ ಪ್ರಸಾರದ ಮೇಲೆ. ಮಾರಾಟ ಅರ್ಧಕ್ಕಿಳಿದರೆ ಲಾಭ ಅರ್ಧಕ್ಕಿಳಿಯುವುದಿಲ್ಲ, ಪೂರ್ತಿ ಹೋಗಿಬಿಡುತ್ತದೆ. ಇದನ್ನು ಗಮನದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದರದಷ್ಟೇ ಮುಖ್ಯವಾದದ್ದು ಹಣ ಯಾವಾಗ ಕೈಗೆ ಬರುತ್ತದೆ ಎಂಬುದು. ಕ್ಲೇಟನ್ ಪದಕ್ಕೆ 2 ಸೆಂಟ್ ಕೊಡುತ್ತಿದ್ದ, ಅದೂ ಕಥೆ ಒಪ್ಪಿದ ಕೂಡಲೇ. 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಕೊಡುತ್ತಿದ್ದದ್ದು ಕಥೆ ಪ್ರಕಟವಾದ ಮೇಲೆ, ಕಷ್ಟದ ವರ್ಷಗಳಲ್ಲಿ ಅದಕ್ಕೂ ಎಷ್ಟೋ ತಡವಾಗಿ. ಲವ್‌ಕ್ರಾಫ್ಟ್, ರಾಬರ್ಟ್ ಹೋವರ್ಡ್‌ರಂಥವರ ಹೆಸರಾಂತ ಕಥೆಗಳು ಬಂದದ್ದು ಅಲ್ಲೇ. ಹೋವರ್ಡ್ ತೀರಿಕೊಂಡಾಗ ಪತ್ರಿಕೆ ಅವನಿಗೆ ಹಣ ಬಾಕಿ ಉಳಿಸಿಕೊಂಡಿತ್ತು.

ಈ ದರದಲ್ಲಿ ಸಂಸಾರ ತೂಗಿಸಬೇಕೆಂದರೆ ಬರೆಯುತ್ತಲೇ ಇರಬೇಕು. ವರ್ಷಕ್ಕೆ 2,000 ಡಾಲರ್ ಬೇಕೆಂದರೆ 2 ಲಕ್ಷ ಪದ ಮಾರಾಟವಾಗಬೇಕು, ತಿರಸ್ಕಾರವಾದವು ಲೆಕ್ಕಕ್ಕಿಲ್ಲ. ರೇಮಂಡ್ ಚಾಂಡ್ಲರ್ ತನ್ನ ಮೊದಲ ಪತ್ತೇದಾರಿ ಕಥೆಯನ್ನು ಐದು ತಿಂಗಳು ತಿದ್ದಿ ತೀಡಿದ. 18,000 ಪದದ ಆ ಕಥೆ 1933ರ ಡಿಸೆಂಬರಿನಲ್ಲಿ ‘ಬ್ಲ್ಯಾಕ್ ಮಾಸ್ಕ್’ನಲ್ಲಿ ಬಂತು, ಸಿಕ್ಕಿದ್ದು 180 ಡಾಲರ್. ಇನ್ನೊಂದು ತುದಿಯಲ್ಲಿ ವಾಲ್ಟರ್ ಗಿಬ್ಸನ್. 1931ರಲ್ಲಿ ಶುರುವಾದ ‘ದಿ ಶ್ಯಾಡೋ’ ಪತ್ರಿಕೆ ಮರುವರ್ಷವೇ ತಿಂಗಳಿಗೆ ಎರಡಾಯಿತು. ಪ್ರತಿ ಸಂಚಿಕೆಗೂ ಒಂದು ಇಡೀ ಕಾದಂಬರಿ ಬೇಕು. ಒಟ್ಟು 325 ಕಾದಂಬರಿಗಳಲ್ಲಿ 282 ಅವನೊಬ್ಬನವೇ. ಆದರೆ ಹೆಸರು ಅವನದಲ್ಲ, ‘ಮ್ಯಾಕ್ಸ್‌ವೆಲ್ ಗ್ರಾಂಟ್’ ಎಂಬುದು ಪ್ರಕಾಶಕರಾದ ಸ್ಟ್ರೀಟ್ ಆಂಡ್ ಸ್ಮಿತ್ ಸಂಸ್ಥೆ ಇಟ್ಟುಕೊಂಡ ಹೆಸರು. ಬರೆಯುವವನು ಬದಲಾದರೂ ಓದುಗನಿಗೆ ಗೊತ್ತಾಗಬಾರದು, ಹೆಸರಿನ ಬೆಲೆ ಸಂಸ್ಥೆಯ ಕೈಲೇ ಉಳಿಯಬೇಕು ಎಂಬ ಏರ್ಪಾಡು ಅದು.

ಇಷ್ಟು ವೇಗದಲ್ಲಿ ಕಥೆ ಕಟ್ಟುವುದು ಹೇಗೆ? ‘ಡಾಕ್ ಸ್ಯಾವೇಜ್’ ಸರಣಿಯ ಬಹುಪಾಲು ಬರೆದ ಲೆಸ್ಟರ್ ಡೆಂಟ್ ತನ್ನ ಸೂತ್ರವನ್ನು ಬಚ್ಚಿಡದೆ ಬರೆದಿಟ್ಟಿದ್ದಾನೆ. 6,000 ಪದದ ಕಥೆಯನ್ನು 1,500 ಪದದ ನಾಲ್ಕು ಭಾಗ ಮಾಡಿಕೊಳ್ಳಬೇಕು. ಕೂರುವ ಮೊದಲೇ ನಾಲ್ಕು ವಿಷಯ ತೀರ್ಮಾನವಾಗಿರಬೇಕು: ಕೊಲೆಯ ವಿಧಾನ, ಖಳ ಹುಡುಕುತ್ತಿರುವ ವಸ್ತು, ಕಥೆ ನಡೆಯುವ ಜಾಗ, ನಾಯಕನ ತಲೆಯ ಮೇಲೆ ತೂಗುವ ಆಪತ್ತು. ಇವುಗಳಲ್ಲಿ ಒಂದಾದರೂ ಹೊಸತಾಗಿರಬೇಕು, ಎರಡಾದರೆ ಒಳ್ಳೆಯದು. ಮೊದಲ ಭಾಗದ ಮೊದಲ ಸಾಲಿಗೇ, ಇಲ್ಲವೇ ಆದಷ್ಟು ಅದರ ಹತ್ತಿರವೇ, ನಾಯಕ ಕಾಣಬೇಕು, ಅವನ ಮೇಲೆ ಕಷ್ಟ ಬೀಳಬೇಕು. ಉಳಿದ ಪಾತ್ರಗಳೆಲ್ಲ ಬೇಗ ಬಂದುಬಿಡಬೇಕು. ಭಾಗದ ಕೊನೆಗೆ ಒಂದು ಹೊಡೆದಾಟ, ಒಂದು ಅನಿರೀಕ್ಷಿತ ತಿರುವು. ಎರಡನೆಯದರಲ್ಲಿ ಕಷ್ಟ ಇನ್ನೂ ಹೆಚ್ಚಬೇಕು. ಮೂರನೆಯದರಲ್ಲಿ ನಾಯಕ ಖಳನನ್ನು ಮೂಲೆಗೆ ಒತ್ತಿದ ಎನ್ನುವಷ್ಟರಲ್ಲಿ ತಾನೇ ಕೆಟ್ಟದಾಗಿ ಸಿಕ್ಕಿಬೀಳಬೇಕು. ನಾಲ್ಕನೆಯದರಲ್ಲಿ ಇನ್ನೇನು ಮುಗಿಯಿತು ಎನ್ನುವಾಗ ಅವನು ಸ್ವಂತ ಬುದ್ಧಿಯಿಂದ, ಸ್ವಂತ ತೋಳಿನಿಂದ ಹೊರಬರಬೇಕು. ಪೊಲೀಸರು ಬಂದು ಬಿಡಿಸಿದರೆ ಕಥೆ ಕೆಟ್ಟಿತು.

ಹೊಸಬರು ಎಡವುತ್ತಿದ್ದದ್ದು ಎಲ್ಲಿ ಎಂಬುದನ್ನೂ ಈ ಸೂತ್ರವೇ ಹೇಳುತ್ತದೆ. ಪದಕ್ಕೆ ಕಾಸು ಎಂದು ಎಳೆದರೆ ಸಂಪಾದಕ ಕತ್ತರಿಸುತ್ತಿದ್ದ. ಆಕಸ್ಮಿಕದಿಂದ ಗಂಟು ಬಿಡಿಸಿದರೆ ವಾಪಸು ಕಳಿಸುತ್ತಿದ್ದ. ಓದುಗರೂ ಬಿಡುತ್ತಿರಲಿಲ್ಲ. ‘ಅಡ್ವೆಂಚರ್’ ಪತ್ರಿಕೆಯ ‘ಕ್ಯಾಂಪ್‌ಫೈರ್’ ವಿಭಾಗದಲ್ಲಿ ಬಂದೂಕು, ಹಡಗು, ಇತಿಹಾಸದ ವಿವರಗಳ ತಪ್ಪನ್ನು ಓದುಗರು ಎತ್ತಿ ತೋರಿಸುತ್ತಿದ್ದರು, ಲೇಖಕರು ಅಲ್ಲೇ ಉತ್ತರ ಕೊಡಬೇಕಾಗುತ್ತಿತ್ತು. ಈ ಕಥೆಗಳನ್ನು ಹಗುರವಾಗಿ ನೋಡುವವರು ಆ ಪತ್ರಗಳನ್ನು ಓದಬೇಕು. ಹತ್ತು ಸೆಂಟಿನ ಗಿರಾಕಿ ಎಷ್ಟು ಎಚ್ಚರದ ಓದುಗ ಎಂಬುದು ಗೊತ್ತಾಗುತ್ತದೆ.

ಪತ್ರಿಕೆಗಳು ಒಂದೊಂದು ಬಗೆಯ ಕಥೆಗೆ ಮೀಸಲಾಗುತ್ತ ಹೋದದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. 1906ರಲ್ಲಿ ಮುನ್ಸಿಯೇ ರೈಲ್ವೆ ಕಥೆಗಳಿಗೊಂದು ಪತ್ರಿಕೆ ಮಾಡಿದ. 1915ರಲ್ಲಿ ಪತ್ತೇದಾರಿಗೆ, 1919ರಲ್ಲಿ ಕೌಬಾಯ್ ಕಥೆಗೆ, 1921ರಲ್ಲಿ ಪ್ರೇಮಕಥೆಗೆ ಸ್ಟ್ರೀಟ್ ಆಂಡ್ ಸ್ಮಿತ್ ಪತ್ರಿಕೆಗಳು ಬಂದವು. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್‌ನ ‘ಅಮೇಜಿಂಗ್ ಸ್ಟೋರೀಸ್’. 1929ರಲ್ಲಿ ಜೆಪ್ಪೆಲಿನ್ ವಾಯುನೌಕೆಗಳಿಗೆಂದೇ ಒಂದು ಪತ್ರಿಕೆ ಹುಟ್ಟಿ ಆ ವರ್ಷವೇ ಸತ್ತಿತು. ಟಾರ್ಜಾನ್ ಮೊದಲು ಕಾಣಿಸಿಕೊಂಡದ್ದು 1912ರ ಅಕ್ಟೋಬರಿನ ‘ಆಲ್ ಸ್ಟೋರಿ’ಯಲ್ಲಿ, ಲೇಖಕನಿಗೆ ಸಿಕ್ಕಿದ್ದು 700 ಡಾಲರ್. ಸಂಗ್ರಾಹಕರು ಪತ್ತೇದಾರಿ, ಭಯಾನಕ ಪತ್ರಿಕೆಗಳ ಹಿಂದೆ ಬೀಳುತ್ತಾರೆ, ಆದರೆ ಆ ಕಾಲದಲ್ಲಿ ಭರ್ಜರಿಯಾಗಿ ಮಾರಾಟವಾದವುಗಳಲ್ಲಿ ‘ಲವ್ ಸ್ಟೋರಿ’ ಒಂದು. ವಾರಪತ್ರಿಕೆ, ಪ್ರಸಾರ 6 ಲಕ್ಷದವರೆಗೂ ಹೋಗಿತ್ತು. 1928ರಿಂದ ಅದು ನಿಲ್ಲುವವರೆಗೂ ಸಂಪಾದಿಸಿದವರು ಡೇಸಿ ಬೇಕನ್ ಎಂಬ ಮಹಿಳೆ. ಪಲ್ಪ್ ಎಂದರೆ ಗಂಡಸರ ಓದು ಎಂಬ ಮಾತು ಈ ಅಂಕಿಯ ಮುಂದೆ ನಿಲ್ಲುವುದಿಲ್ಲ.

ಕೆಟ್ಟದ್ದನ್ನೂ ಹೇಳಬೇಕು. ಪೂರ್ವದೇಶದವನೆಂದರೆ ಕುತಂತ್ರಿ, ಕರಿಯನೆಂದರೆ ಕಾಡಿನವನು ಎಂಬ ಅಚ್ಚುಗಳನ್ನು ಈ ಪತ್ರಿಕೆಗಳು ದಶಕಗಟ್ಟಲೆ ಮಾರಿದವು. ವೇಗವಾಗಿ ಬರೆಯುವವನು ಸಿದ್ಧ ಅಚ್ಚಿಗೆ ಕೈಹಾಕುತ್ತಾನೆ, ಸಂಪಾದಕ ಅದನ್ನು ತಡೆಯಲಿಲ್ಲ. ಇವತ್ತು ಓದುವಾಗ ಆ ಪುಟಗಳು ಚುಚ್ಚುತ್ತವೆ, ಚುಚ್ಚಬೇಕಾದ್ದೇ. 1934ರಲ್ಲಿ ಬಂದ ‘ಸ್ಪೈಸಿ’ ಪತ್ರಿಕೆಗಳು ಅರೆಬೆತ್ತಲೆ ಮುಖಪುಟಗಳಿಂದ ನಗರಾಡಳಿತಗಳ ಕೋಪಕ್ಕೆ ಗುರಿಯಾಗಿ, 1943ರ ಹೊತ್ತಿಗೆ ‘ಸ್ಪೀಡ್’ ಎಂದು ಹೆಸರು ಬದಲಿಸಿಕೊಂಡವು.

ನಿಮ್ಮ ಎರಡನೇ ಪ್ರಶ್ನೆ, ಯಾಕೆ ನಿಂತವು. ಓದುಗರು ಕಥೆ ಓದುವುದನ್ನು ಬಿಟ್ಟರು ಎಂದಲ್ಲ. ಅದೇ ಕಥೆ ಬೇರೆ ರೂಪದಲ್ಲಿ ಸಿಗತೊಡಗಿತು. 1938ರಲ್ಲಿ ಸೂಪರ್‌ಮ್ಯಾನ್ ಬಂದ ಮೇಲೆ ಕಿರಿಯರು ಹತ್ತು ಸೆಂಟನ್ನು ಬಣ್ಣದ ಕಾಮಿಕ್ಸ್‌ಗೆ ಹಾಕಿದರು. ಅದರ ಪ್ರಕಾಶಕ ಹ್ಯಾರಿ ಡೊನೆನ್‌ಫೆಲ್ಡ್ ‘ಸ್ಪೈಸಿ’ ಪತ್ರಿಕೆಗಳ ಹಿಂದೆ ಇದ್ದವನೇ. 1939ರಲ್ಲಿ ಪಾಕೆಟ್ ಬುಕ್ಸ್ 25 ಸೆಂಟಿಗೆ ಪೂರ್ತಿ ಕಾದಂಬರಿ ಕೊಟ್ಟಿತು. ಇದು ತಿಂಗಳು ಮುಗಿದರೂ ಅಂಗಡಿಯಲ್ಲೇ ಇರಬಲ್ಲದು. ಪಲ್ಪ್‌ಗೆ ಆ ಅನುಕೂಲವಿಲ್ಲ, ಹೊಸ ಸಂಚಿಕೆ ಬಂದ ದಿನ ಹಳೆಯದು ರದ್ದಿ. ಯುದ್ಧಕಾಲದಲ್ಲಿ ಕಾಗದಕ್ಕೆ ಮಿತಿ ಬಿತ್ತು. ಪುಟ ಇಳಿಸಿದರು, ಪತ್ರಿಕೆಗಳನ್ನು ನಿಲ್ಲಿಸಿದರು, ‘ಅಸ್ಟೌಂಡಿಂಗ್’ 1943ರ ನವೆಂಬರಿಗೆ ಕೈಗಾತ್ರದ ಡೈಜೆಸ್ಟ್ ಆಯಿತು. ಯುದ್ಧ ಮುಗಿದ ಮೇಲೆ ಕಾಗದ, ಕೂಲಿ ಎಲ್ಲದರ ಬೆಲೆ ಏರಿತು, ಟೆಲಿವಿಷನ್ ಬಂತು. ಹಿಂದೆ ಹೇಳಿದ ಲೆಕ್ಕ ನೆನಪಿದೆಯಲ್ಲ? ಪ್ರಸಾರ ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಪ್ರತಿಯೊಂದರ ಖರ್ಚು ಮುಖಬೆಲೆಯನ್ನು ತಿಂದುಹಾಕಿತು. ಜಾಹೀರಾತಿನ ಆದಾಯವಾದರೂ ಆಸರೆಯಾಗಬಹುದಿತ್ತು, ಆದರೆ ಒರಟು ಕಾಗದದ ಮೇಲೆ ಅಂಚೆಶಿಕ್ಷಣ, ದೇಹದಾರ್ಢ್ಯ, ಔಷಧಿಗಳ ಸಣ್ಣ ಜಾಹೀರಾತುಗಳೇ ಹೆಚ್ಚಾಗಿ ಬರುತ್ತಿದ್ದವು. 1949ರಲ್ಲಿ ಸ್ಟ್ರೀಟ್ ಆಂಡ್ ಸ್ಮಿತ್ ‘ಶ್ಯಾಡೋ’, ‘ಡಾಕ್ ಸ್ಯಾವೇಜ್’ ಸೇರಿ ತನ್ನ ಪಲ್ಪ್‌ಗಳನ್ನು ಒಟ್ಟಿಗೆ ಮುಚ್ಚಿ, ‘ಅಸ್ಟೌಂಡಿಂಗ್’ ಒಂದನ್ನು ಉಳಿಸಿಕೊಂಡಿತು. 1951ಕ್ಕೆ ‘ಬ್ಲ್ಯಾಕ್ ಮಾಸ್ಕ್’, 1954ಕ್ಕೆ ‘ವಿಯರ್ಡ್ ಟೇಲ್ಸ್’ ನಿಂತವು. ‘ರ‍್ಯಾಂಚ್ ರೊಮ್ಯಾನ್ಸಸ್’ ಮಾತ್ರ 1971ರವರೆಗೆ ಉಸಿರು ಹಿಡಿದುಕೊಂಡಿತ್ತು.

ಈಗ ನಿಮ್ಮ ಸಂಚಿಕೆ. ಕಲ್ಲಿನಲ್ಲಿ ಅರೆದ ತಿರುಳಿನಲ್ಲಿ ಲಿಗ್ನಿನ್ ಎಂಬ ಮರದ ಅಂಟುಪದಾರ್ಥ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಕಂದಾಗುತ್ತದೆ. ಮಸಿ ಹರಡದಿರಲೆಂದು ಕಾಗದಕ್ಕೆ ಹಾಕುತ್ತಿದ್ದ ಪಟಿಕ ಮತ್ತು ರಾಳ ಆಮ್ಲವನ್ನು ಬಿಡುತ್ತವೆ. ಆ ಆಮ್ಲ ನಾರಿನ ಸರಪಳಿಯನ್ನು ಒಳಗಿಂದಲೇ ತುಂಡರಿಸುತ್ತದೆ. ಅರೆದ ನಾರು ಮೊದಲೇ ಗಿಡ್ಡ, ಹಾಗಾಗಿ ಬೇಗ ಪುಡಿ. ಅಂಚಿಗೆ ಗಾಳಿ ಹೆಚ್ಚು ತಾಗುವುದರಿಂದ ಹಾಳಾಗುವುದು ಅಲ್ಲಿಂದ ಶುರು. ಮುಖಪುಟ ಉತ್ತಮ ಕಾಗದದ್ದು, ಅದಕ್ಕೇ ಹೊರಗೆ ಹೊಸತರಂತೆ ಹೊಳೆಯುತ್ತ ಒಳಗೆ ಬಿಸ್ಕತ್ತಿನಂತಾಗಿರುತ್ತದೆ. ಆದ ಹಾನಿ ಹಿಂದಕ್ಕೆ ಹೋಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ.

ತಂಪು, ಕತ್ತಲೆ, ಒಣ ಜಾಗ ಬೇಕು: 20 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಗಾಳಿಯ ತೇವ ಶೇ 35ರಿಂದ 50ರ ನಡುವೆ. ತೀರಾ ಒಣಗಿದರೂ ಕಾಗದ ಸಿಡಿಯುತ್ತದೆ. ಏರಿಳಿತ ಇನ್ನೂ ಕೆಟ್ಟದ್ದು, ಆದ್ದರಿಂದ ಅಟ್ಟದಲ್ಲಿ ಇಡಲೇಬೇಡಿ. ಪಾಲಿಯೆಸ್ಟರ್ ಚೀಲದೊಳಗೆ ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು ಮಲಗಿಸಿಡಿ. ಪಿವಿಸಿ ಚೀಲ ಬೇಡ, ಅದರಿಂದ ಒಸರುವ ಎಣ್ಣೆಯಂಥ ವಸ್ತು ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿದುಬಿಡುತ್ತದೆ. ಲ್ಯಾಮಿನೇಷನ್ ಎಂದರೆ ಸಂಚಿಕೆಯನ್ನು ಕೈಯಾರೆ ಕೊಂದಂತೆ. ಆಮ್ಲ ಶಮನಗೊಳಿಸುವ ಸಿಂಪಡಣೆಗಳಿವೆ, ಅವು ಮುಂದಿನ ಹಾನಿಯನ್ನು ತಡೆಯುತ್ತವೆ, ಹೋದ ಗಟ್ಟಿತನವನ್ನು ತರುವುದಿಲ್ಲ. ಈಗಾಗಲೇ ಪುಡಿಯಾಗುತ್ತಿರುವ ಪ್ರತಿಗೆ ಅದನ್ನು ನೀವೇ ಮಾಡಲು ಹೋಗದೆ ಕಾಗದ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸಿ.

ಓದಲೇಬೇಕೆಂದರೆ ಒಂದೇ ಸಲ ತೆರೆಯಿರಿ, ಆ ಸಲವೇ ಪೂರ್ತಿ ಫೋಟೊ ತೆಗೆದುಕೊಳ್ಳಿ. ಪಿನ್ನು ಪಕ್ಕದಿಂದ ಹೊಡೆದಿರುವುದರಿಂದ ಇದು ಎಂದೂ ಮಟ್ಟಸವಾಗಿ ಬಿಚ್ಚಿಕೊಳ್ಳುವುದಿಲ್ಲ. ಒತ್ತಿದರೆ ಹಾಳೆ ಪಿನ್ನಿನ ಗೆರೆಯಲ್ಲೇ ಮುರಿಯುತ್ತದೆ. ಗಾಜಿನ ಸ್ಕ್ಯಾನರಿನ ಮೇಲೆ ಬೋರಲು ಹಾಕುವುದು ಅದಕ್ಕೇ ಬೇಡ. ಎರಡೂ ಬದಿಗೆ ಮೆತ್ತನೆಯ ಆಸರೆ ಕೊಟ್ಟು 90 ಡಿಗ್ರಿಯಷ್ಟು ಮಾತ್ರ ತೆರೆದು, ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಹಾಳೆಯನ್ನು ಮೂಲೆ ಹಿಡಿದು ಮಗುಚಬೇಡಿ, ಅಡಿಗೆ ತೆಳ್ಳಗಿನ ರಟ್ಟು ತೂರಿಸಿ ಇಡೀ ಹಾಳೆಯನ್ನು ಎತ್ತಿ ತಿರುಗಿಸಿ. ಉದುರಿದ ಚೂರುಗಳಲ್ಲಿ ಅಕ್ಷರವಿದ್ದರೆ ಎಸೆಯಬೇಡಿ. ಆಮ್ಲರಹಿತ ಲಕೋಟೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು, ಆಮೇಲೆ ಚೂರುಗಳನ್ನು ಅದರೊಳಗೆ ಹಾಕಿ ಸಂಚಿಕೆಯ ಜೊತೆಗೇ ಇಡಿ.